ಪರಶಿವನನ್ನು ನೆಟ್ಟ ದಿನ

ನಮ್ಮೂರಿನಲ್ಲಿ ನಿಂತಿರುವವರನ್ನಾಗಲಿ ನಡೆದು ಹೋಗುತ್ತಿರುವವರನ್ನಾಗಲಿ ಯಾರೂ ಏನೂ ಕೇಳುವುದಿಲ್ಲ. ಕೇಳಿದರೆ ಅವರು ಅಲ್ಲೇ ನಿಂತುಬಿಡುತ್ತಾರೆ. ಮರ್ಯಾದೆಗೆ ನಿಲ್ಲುವುದಲ್ಲ, ಎರಡೂ ಪಾದ ನೆಲಕ್ಕೆ ಅಂಟಿಕೊಂಡು, ನಿಜವಾದ ಉತ್ತರ ಬಾಯಿಂದ ಹೊರಬೀಳುವವರೆಗೆ ಮೇಲೇಳುವುದಿಲ್ಲ. ಸುಳ್ಳು ಹೇಳಿದರೆ ಏಳುವುದಿಲ್ಲ. ಗೊತ್ತಿಲ್ಲ ಎಂದರೆ, ನಿಜಕ್ಕೂ ಗೊತ್ತಿಲ್ಲದಿದ್ದರೆ ಮಾತ್ರ ಏಳುತ್ತದೆ. ಹಾಗಾಗಿ ನಮ್ಮ ಕಡೆ ದಾರಿಯಲ್ಲಿ ಎದುರಾದವರು "ಊಟ ಆಗಿರ್ಬೇಕು" ಎನ್ನುತ್ತಾರೆ, "ಎಲ್ಲಿಗೋ ಹೊರಟಂಗಿದೆ" ಎನ್ನುತ್ತಾರೆ. ಬದನೆಕಾಯಿ ಮಾರುವವಳಿಗೆ "ಬೆಲೆ ಹೇಳಮ್ಮ" ಎನ್ನುತ್ತಾರೆ. ಹೇಳು ಎನ್ನುವುದು ಅಪ್ಪಣೆ, ಅದಕ್ಕೆ ಪಾದ ಅಂಟುವುದಿಲ್ಲ. ಅದೇನು, ಇದ್ಯಾಕೆ ಎಂದು ಕೇಳುತ್ತಲೇ ಇರುವ ಮೂರು ವರ್ಷದ ಮಕ್ಕಳಿರುವ ಮನೆಗಳಲ್ಲಿ ಹಾಲು ಉಕ್ಕಿ ಹೋಗುವುದು ಮಾಮೂಲು. ಅಂಥ ತಾಯಂದಿರು ಎಲ್ಲವನ್ನೂ ಕೈಗೆಟಕುವ ಹಾಗೆ ಸುತ್ತ ಇಟ್ಟುಕೊಂಡು, ಕುಳಿತೇ ಅಡುಗೆ ಮುಗಿಸುತ್ತಾರೆ.

ಒಬ್ಬರನ್ನು ಹೀಗೆ ನಿಲ್ಲಿಸಿಬಿಡುವುದಕ್ಕೆ ನಮ್ಮಲ್ಲಿ ನೆಡುವುದು ಎನ್ನುತ್ತಾರೆ. ಬೇಕೆಂದೇ ನೆಡುವುದಕ್ಕಿಂತ ಕೀಳು ಕೆಲಸ ಇನ್ನೊಂದಿಲ್ಲ. ನನ್ನ ಚಿಕ್ಕಮ್ಮ ಒಮ್ಮೆ ಚಿಕ್ಕಪ್ಪನನ್ನು ಬಸ್ ನಿಲ್ದಾಣದ ಎದುರಿಗೇ ನೆಟ್ಟಿದ್ದಳು. "ಆ ಸೀರೆ ಯಾರಿಗೆ ತಗೊಂಡ್ರಿ?" ಎಂದಷ್ಟೇ ಕೇಳಿದ್ದು. ಚಿಕ್ಕಪ್ಪ ಒಂದೂವರೆ ದಿನ ನಿಂತಿದ್ದ. ಬಿಸಿಲಿಗೆ ಚಿಕ್ಕಮ್ಮನೇ ಕೊಡೆ ತಂದುಕೊಟ್ಟಳು, ಹೊತ್ತುಹೊತ್ತಿಗೆ ಊಟ ತಂದುಕೊಟ್ಟಳು. ಕೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಮಾತ್ರ ಬರುವುದಿಲ್ಲ. ಊರು ಚಿಕ್ಕಪ್ಪನನ್ನು ಬೇಗ ಕ್ಷಮಿಸಿತು, ಚಿಕ್ಕಮ್ಮನನ್ನು ಕ್ಷಮಿಸಲು ಹತ್ತು ವರ್ಷ ಹಿಡಿಯಿತು. ನಾನು ನನ್ನ ಇಪ್ಪತ್ತಮೂರನೇ ವಯಸ್ಸಿನಲ್ಲಿ ಅದಕ್ಕಿಂತ ಕೀಳಾದದ್ದನ್ನು ಮಾಡಿದೆ, ಅದೂ ನಾಲ್ಕು ಸಾವಿರ ಜನರ ಎದುರಿಗೆ.

ಆಗ ನಾನು ಊರಿನ ಎರಡು ಕಾಲೇಜುಗಳಲ್ಲಿ ಕೆಳಗಿನದರಲ್ಲಿ ಎಂ.ಎ. ಓದುತ್ತಿದ್ದೆ. ಓದಿದ್ದಕ್ಕಿಂತ ಕಾಯಾಟ ಆಡಿದ್ದು ಹೆಚ್ಚು. ಎರಡೂ ತುದಿ ಚೂಪಾದ ಚರ್ಮದ ಚೆಂಡಿಗೆ ನಮ್ಮಲ್ಲಿ ಕಾಯಿ ಎಂದೇ ಹೆಸರು. ಆ ಕಡೆ ಹನ್ನೊಂದು ಜನ, ಈ ಕಡೆ ಹನ್ನೊಂದು ಜನ. ಕಾಯಿ ಯಾರ ಕೈಯಲ್ಲಿದೆಯೋ ಅವರಿಗೆ ಮುಂದೆ ನುಗ್ಗಲು ನಾಲ್ಕು ಸರದಿ. ಅವರ ಎಸೆಗಾರ ತನ್ನವರ ಗೋಡೆಯ ಹಿಂದೆ ನಿಂತು, ಮುಂದೆ ಓಡುತ್ತಿರುವ ತನ್ನವನೊಬ್ಬನನ್ನು ಹುಡುಕಿ ಕಾಯಿ ಎಸೆಯುತ್ತಾನೆ. ಅವನು ಎಸೆಯುವ ಮೊದಲು ಗೋಡೆ ಒಡೆದು ಹೋಗಿ ಅವನ ಸೊಂಟಕ್ಕೆ ಕೈ ಹಾಕಿ ಹಿಡಿಯುವುದು ನಮ್ಮಂಥ ತಡೆಗಾರರ ಕೆಲಸ. ಹಿಡಿದರೆ ಆ ಸರದಿ ಅಲ್ಲಿಗೆ ಮುಗಿಯಿತು. ಎಸೆಗಾರನಿಗೆ ಮೂರು ನಿಮಿಷ ಸಿಕ್ಕಿದರೆ ಯಾರು ಬೇಕಾದರೂ ಚೆನ್ನಾಗಿ ಎಸೆಯಬಹುದು. ಅವನಿಗೆ ಮೂರು ಸೆಕೆಂಡೂ ಸಿಗದ ಹಾಗೆ ಮಾಡುವುದರಲ್ಲೇ ಆಟ ಇರುವುದು.

ಮೇಲಿನ ಕಾಲೇಜಿನ ಎಸೆಗಾರ ಪರಶಿವ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಎತ್ತರದ ಆಳಲ್ಲ, ಭುಜವೂ ಅಂಥದ್ದೇನಲ್ಲ. ಬಸ್ಸಿಗೆ ಕಾಯುತ್ತಿರುವವನಂತೆ ನಿಂತಿರುತ್ತಿದ್ದ. ಎಡಗಡೆಯಿಂದ ಮೂವರು ನುಗ್ಗಿದರೆ ಅರ್ಧ ಹೆಜ್ಜೆ ಬಲಕ್ಕೆ ಸರಿಯುತ್ತಿದ್ದ, ಬಲಗಡೆ ಕಾವಲು ಹಾಕಿದರೆ ಒಂದು ಹೆಜ್ಜೆ ಹಿಂದಕ್ಕೆ. ಅಷ್ಟರಲ್ಲಿ ಕಾಯಿ ನಮ್ಮ ತಲೆಯ ಮೇಲಿಂದ ಹೋಗಿರುತ್ತಿತ್ತು. ನಾನು ನಮ್ಮ ಸಾಲಿನ ನಟ್ಟನಡುವೆ ನಿಲ್ಲುವವನು, ತೂಕ ತೊಂಬತ್ತಾರು ಕಿಲೋ. ಎರಡು ವರ್ಷದಲ್ಲಿ ನಾನು ಅವನ ಅಂಗಿಯ ಅಂಚನ್ನೂ ಮುಟ್ಟಿರಲಿಲ್ಲ.

ನಮ್ಮ ತರಬೇತುದಾರರು ತಿಪ್ಪೇಶಪ್ಪ ಮೇಷ್ಟ್ರು. ಮೇಲಿನ ಕಾಲೇಜಿನೊಡನೆ ವರ್ಷಕ್ಕೊಮ್ಮೆ ನಡೆಯುವ ಪಂದ್ಯದಲ್ಲಿ ಏಳು ವರ್ಷದಿಂದ ಸೋಲುತ್ತಿದ್ದರೂ ಪ್ರತಿ ವರ್ಷ ಹೊಸ ನೋಟ್‌ಬುಕ್ ತೆಗೆದು ಹೊಸ ಬಾಣದ ಗುರುತು ಹಾಕುತ್ತಿದ್ದರು. ನಮ್ಮನ್ನೆಲ್ಲ ಮೊದಲು ನೆಲದ ಮೇಲೆ ಕೂರಿಸಿ ಆಮೇಲೆ ಮಾತಾಡುತ್ತಿದ್ದರು. ಕುಳಿತವರನ್ನು ಏನು ಕೇಳಿದರೂ ನಷ್ಟವಿಲ್ಲವಲ್ಲ.

"ಅವನ ಕೈ ನೋಡ್ತಾ ಓಡ್ತೀರಲ್ಲ, ಕೈ ಮೋಸ ಮಾಡುತ್ತೆ ಕಣ್ರೋ. ಸೊಂಟ ನೋಡ್ರಿ. ಸೊಂಟ ಯಾವ ಕಡೆಗೋ ಅವನೂ ಆ ಕಡೆಗೇ. ಎರಡೂ ಅಂಚಿನವರು ಅವನ್ನ ಹಿಡಿಯಕ್ಕೆ ಹೋಗ್ಬೇಡ್ರಿ, ಆಚೆ ಹೋಗದಂಗೆ ಬೇಲಿ ಹಾಕ್ರಿ. ಹಿಡಿಯೋದು ನಡುವಿನವನು. ಯಾರು ನಡುವಿನವನು?"

"ನಾನು ಸಾರ್," ಎಂದೆ.

ಅವರು ನನ್ನನ್ನು ಮೇಲಿಂದ ಕೆಳಕ್ಕೊಮ್ಮೆ ನೋಡಿ ನೋಟ್‌ಬುಕ್ಕಿನ ಹಾಳೆ ತಿರುಗಿಸಿದರು.

ಆ ವರ್ಷ ಆಡಳಿತ ಮಂಡಳಿಯಿಂದ ಅವರಿಗೊಂದು ಪತ್ರ ಬಂದಿತ್ತು. ಈ ಸಲವೂ ಸೋತರೆ ಕಾಯಾಟ ನಿಲ್ಲಿಸಿ, ಮೈದಾನದಲ್ಲಿ ಕಲ್ಯಾಣ ಮಂಟಪ ಕಟ್ಟಿಸುವುದಾಗಿ ಬರೆದಿದ್ದರು. ಮೇಷ್ಟ್ರು ಅದನ್ನು ನಮಗೆ ಓದಿ ಹೇಳಲಿಲ್ಲ, ಆದರೆ ಅಭ್ಯಾಸದ ವೇಳೆ ಗೋಲಿನ ಗೆರೆಯ ಹತ್ತಿರ ಹೋಗಿ, ಇಲ್ಲಿ ಅಡುಗೆ ಮನೆ ಬರುತ್ತದೆ, ಇಲ್ಲಿ ಕೈತೊಳೆಯುವ ಜಾಗ ಎನ್ನುವಂತೆ ದಿಟ್ಟಿಸುತ್ತ ನಿಲ್ಲುತ್ತಿದ್ದರು. ಹಾಗೆ ನಿಂತಿದ್ದಾಗಲೇ ಒಂದು ದಿನ ಮೈಮರೆತು, ಕಾಯಿ ಹಿಡಿದು ತಪ್ಪು ದಿಕ್ಕಿಗೆ ಓಡುತ್ತಿದ್ದ ನಮ್ಮ ಹುಡುಗನೊಬ್ಬನಿಗೆ "ಲೋ, ಎತ್ತಗೆ ಓಡ್ತಿದೀಯೋ?" ಎಂದುಬಿಟ್ಟರು. ಅವನು ಪೂರ್ತಿ ವೇಗದಲ್ಲಿದ್ದಾಗಲೇ ನೆಟ್ಟುಹೋಗಿ, ನಡು ಬಗ್ಗಿ, ಮೂಗು ನೆಲಕ್ಕೆ ತಾಗಿ ಮತ್ತೆ ನೆಟ್ಟಗಾದ. ಅಷ್ಟರಲ್ಲಿ ಮೂವರು ಹೋಗಿ ಅವನ ಸೊಂಟ ಹಿಡಿದಿದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ.

ಸಂಜೆ ಮೇಷ್ಟ್ರ ಪಕ್ಕ ಕುಳಿತು ನನ್ನ ಯೋಚನೆ ಹೇಳಿದೆ. ಅವರ ಮುಖ ಕೆಂಪಾಯಿತು.

"ಥೂ. ಓಡೋ ಮನುಷ್ಯನ್ನ ನೆಡೋದು. ಹುಟ್ಟಿದ ಊರಲ್ಲಿ ಮುಖ ಎತ್ಕೊಂಡು ತಿರುಗಾಡ್ಬೇಕು ಅಂತ ಇಲ್ವೇನೋ ನಿಂಗೆ?"

"ಇದೆ ಸಾರ್. ಆದ್ರೆ ನಿಯಮದ ಪುಸ್ತಕದಲ್ಲಿ ನೆಡಬಾರದು ಅಂತ ಎಲ್ಲೂ ಬರೆದಿಲ್ಲ."

"ಬರೆದಿಲ್ಲ ಯಾಕಂದ್ರೆ, ಯಾರೂ ಅಷ್ಟು ನಾಚಿಕೆಗೆಟ್ಟಿರಲಿಲ್ಲ." ಅವರು ಎದ್ದು ಹೋದರು. ಹತ್ತು ಹೆಜ್ಜೆ ಹೋಗಿ, ತಿರುಗದೆಯೇ, "ನಾನು ಈ ಮಾತು ಕೇಳಿಸ್ಕೊಂಡೇ ಇಲ್ಲ," ಎಂದರು. ಅದು ಬೇಡ ಎಂದಂತಾಗಲಿಲ್ಲ.

ನಾವು ನಾಲ್ವರು ತಡೆಗಾರರು ಗುಟ್ಟಾಗಿ ಅಭ್ಯಾಸ ಶುರು ಮಾಡಿದೆವು. ಯಾವ ಪ್ರಶ್ನೆ ಒಬ್ಬನನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಎಂದು ಕೈಗಡಿಯಾರ ಹಿಡಿದು ನೋಡಿದೆವು. ಹೆಸರೇನು ಎಂದರೆ ಅರ್ಧ ಸೆಕೆಂಡು, ಉಪಯೋಗವಿಲ್ಲ. ಹದಿನೇಳು ಹದಿಮೂರಲಿ ಎಷ್ಟು ಎಂದರೆ ಎಲ್ಲರೂ ತಟ್ಟನೆ ಗೊತ್ತಿಲ್ಲ ಎಂದು ಬಿಡಿಸಿಕೊಂಡರು. ನಮ್ಮ ಕಾಲೇಜಿನ ಮಟ್ಟ ಹಾಗಿತ್ತು. ನಿನ್ನೆ ಏನೇನು ತಿಂದೆ ಎಂದರೆ ಮೂರು ಸೆಕೆಂಡು. ಕೊನೆಗೆ ತಿಳಿದದ್ದು ಇಷ್ಟು: ಕಷ್ಟದ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಉತ್ತರ ಚೆನ್ನಾಗಿ ಗೊತ್ತಿರಬೇಕು, ಆದರೆ ಬಾಯಿ ಬಿಟ್ಟು ಹೇಳಲಾಗಬಾರದು. ಅಂಥ ಪ್ರಶ್ನೆ ಪುಸ್ತಕದಲ್ಲಿ ಸಿಗುವುದಿಲ್ಲ, ಮನೆಯಲ್ಲೇ ಸಿಗಬೇಕು.

ಪಂದ್ಯಕ್ಕೆ ಒಂದು ವಾರ ಮೊದಲು, ಹಿಂದಿನ ವರ್ಷ ಸೋತವರು ಗೆದ್ದವರ ನಾಯಕನ ಮನೆಗೆ ಹೋಗಿ, ಆಡುವ ಕಾಯಿಯನ್ನು ಎಲೆ ಅಡಿಕೆಯ ಜೊತೆ ಕೊಟ್ಟು ಬರುವುದು ವಾಡಿಕೆ. ಯಾರೂ ಖುಷಿಯಿಂದ ಮಾಡುವ ಕೆಲಸವಲ್ಲ. ಆ ವರ್ಷ ನಾನೇ ಹೋಗುತ್ತೇನೆಂದು ಕೈ ಎತ್ತಿದೆ.

ಪರಶಿವನ ಮನೆ ಕುಂಬಾರ ಬೀದಿಯ ಕೊನೆಯಲ್ಲಿತ್ತು. ಬಾಗಿಲಿಗೆ ಅವನೇ ಬಂದ. "ಬಾ ಮೈಲಾರಿ. ಊಟದ ಹೊತ್ತಿಗೆ ಬಂದಿದೀಯ, ಹಂಗೇ ಕಳ್ಸಲ್ಲ," ಎಂದು ಒಳಗೆ ಕರೆದುಕೊಂಡು ಹೋಗಿ ಮಣೆ ಹಾಕಿದ. ಎರಡು ತಿಂಗಳ ಹಿಂದೆ ಅವನ ಮದುವೆಯಾಗಿತ್ತು. ತಾಯಿ ಶಿವನಂಜಮ್ಮ ಗಟ್ಟಿ ದನಿಯ, ಎತ್ತರದ ಹೆಂಗಸು. ಹೆಂಡತಿ ಚಂದ್ರಕಲಾ ಮಾತು ಕಮ್ಮಿ, ಕಣ್ಣು ಚುರುಕು.

ತಟ್ಟೆಗೆ ಮುದ್ದೆ ಬಂತು. ಆಮೇಲೆ ಎರಡು ಪಾತ್ರೆ ಬಂದವು, ಎರಡರಲ್ಲೂ ಬಸ್ಸಾರು.

"ಪರಶಿವ ಆಟಕ್ಕೆ ಮುಂಚೆ ವಾರವೆಲ್ಲ ಬಸ್ಸಾರೇ ಉಣ್ಣೋದು," ಎಂದು ಶಿವನಂಜಮ್ಮ ಹೆಮ್ಮೆಯಿಂದ ಹೇಳಿದರು. "ಚಿಕ್ಕೋನಿದ್ದಾಗ್ಲಿಂದ ಪ್ರಾಣ ಅವನಿಗೆ. ನಾನು ಬೆಳಿಗ್ಗೆ ಐದಕ್ಕೇ ಎದ್ದು ಸೊಪ್ಪು ಬೇಯಾಕಿ ಕಟ್ಟು ಬಸಿತೀನಿ. ಈಗ ಇವಳೂ ಕಲ್ತವ್ಳೆ."

"ಅತ್ತೆ ಕಲಿಸಿದ್ದೇ," ಎಂದಳು ಚಂದ್ರಕಲಾ. "ನಾನು ಈರುಳ್ಳಿ ಬೆಳ್ಳುಳ್ಳಿ ಕೆಂಡದಲ್ಲಿ ಸುಟ್ಟು ರುಬ್ತೀನಿ, ಅಷ್ಟೇ."

"ಸುಡೋದೇನೂ ಬೇಕಾಗಿಲ್ಲ," ಎಂದರು ಶಿವನಂಜಮ್ಮ.

ಇಬ್ಬರೂ ಒಂದೊಂದು ಸೌಟು ಹಾಕಿದರು. ಹಾಕಿ, ಇಬ್ಬರೂ ಒಂದೊಂದು ಕಂಬಕ್ಕೆ ಒರಗಿ ಪರಶಿವನ ಮುಖವನ್ನೇ ನೋಡುತ್ತ ನಿಂತರು. ಅವನು ತಾಯಿಯ ಬಸ್ಸಾರಿನಲ್ಲಿ ಒಂದು ತುತ್ತು ಅದ್ದಿ ನುಂಗಿದ. ಹೆಂಡತಿಯದರಲ್ಲಿ ಒಂದು ತುತ್ತು ಅದ್ದಿ ನುಂಗಿದ. ಮುಖದಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಮೈದಾನದಲ್ಲಿ ನಾವು ಎರಡು ಕಡೆಯಿಂದ ನುಗ್ಗಿದಾಗ ಇರುತ್ತಿದ್ದ ಅದೇ ಮುಖ. ನಾನಂತೂ ಎರಡನ್ನೂ ಹೊಟ್ಟೆ ಬಿರಿಯ ಉಂಡೆ. ಒಂದು ಚೆನ್ನಾಗಿತ್ತು. ಇನ್ನೊಂದು, ನಾನು ಜೀವಮಾನದಲ್ಲಿ ಉಂಡ ಅತ್ಯುತ್ತಮ ಬಸ್ಸಾರಾಗಿತ್ತು. ಮೂರನೇ ಮುದ್ದೆ ಮುರಿಯುವಾಗಲೇ ನನ್ನ ಪ್ರಶ್ನೆ ನನಗೆ ಸಿಕ್ಕಿತು.

ಪರಶಿವ ಬೀದಿಯ ತಿರುವಿನವರೆಗೆ ನನ್ನ ಜೊತೆ ಬಂದ. "ಇದೇ ನನ್ ಕೊನೇ ಪಂದ್ಯ ಮೈಲಾರಿ," ಎಂದ. "ಮುಂದಿನ ತಿಂಗಳು ಸೊಸೈಟಿಲಿ ಕೆಲಸಕ್ಕೆ ಸೇರ್ಕೋತೀನಿ. ನೀನು ಚೆನ್ನಾಗಿ ಆಡ್ತೀಯ ಕಣೋ. ತೂಕ ಇದೆ ಅಂತ ನಾಚ್ಕೋಬೇಡ, ನಿನ್ನ ತಡೆಯಕ್ಕೆ ನಾವು ಯಾವಾಗ್ಲೂ ಇಬ್ಬರನ್ನ ಇಡ್ತೀವಿ." ಅಷ್ಟು ಹೇಳಿ ನನ್ನ ಬೆನ್ನು ತಟ್ಟಿ ಹೋದ. ನಾನು ಅವತ್ತೇ ಯೋಚನೆ ಬಿಡಬೇಕಿತ್ತು. ಹೊಟ್ಟೆಯಲ್ಲಿ ಅವರ ಮನೆಯ ಅನ್ನವಿತ್ತು. ಆದರೆ ಎರಡು ವರ್ಷದಿಂದ ಅವನ ಅಂಗಿಯ ಅಂಚು ನನ್ನ ಬೆರಳಿಗೆ ಸಿಕ್ಕಿರಲಿಲ್ಲ ಎನ್ನುವುದು ಅದಕ್ಕಿಂತ ಮೇಲೆ ನಿಂತುಬಿಟ್ಟಿತು.

ಪಂದ್ಯದ ದಿನ ಊರಿಗೆ ಊರೇ ಬಂದಿತ್ತು. ಮುಂದಿನ ಸಾಲಿನಲ್ಲಿ, ಗೆರೆಯಿಂದ ಹತ್ತು ಮಾರು ದೂರದಲ್ಲಿ ಶಿವನಂಜಮ್ಮ, ಚಂದ್ರಕಲಾ ಅಕ್ಕಪಕ್ಕ ಕುಳಿತಿದ್ದರು. ತೀರ್ಪುಗಾರರು ಇಮಾಂ ಸಾಹೇಬರು, ನಲವತ್ತು ವರ್ಷದಿಂದ ಸೀಟಿ ಊದುತ್ತಿದ್ದವರು.

ನಾವು ಅವತ್ತು ನಿಜಕ್ಕೂ ಚೆನ್ನಾಗಿ ಆಡಿದೆವು. ಅಂಚಿನವರು ಮೇಷ್ಟ್ರು ಹೇಳಿದಂತೆ ಬೇಲಿ ಹಾಕಿ ನಿಂತರು, ಪರಶಿವನಿಗೆ ಬಲಕ್ಕೆ ಸರಿಯಲು ಜಾಗ ಕೊಡಲಿಲ್ಲ. ಅವನ ಎಸೆತಗಳು ಎರಡು ಸಲ ನಮ್ಮವರ ಕೈಗೇ ಬಂದವು. ಆಟ ಮುಗಿಯಲು ನಾಲ್ಕು ನಿಮಿಷವಿದ್ದಾಗ ನಾವು ಮೂರು ಅಂಕ ಮುಂದಿದ್ದೆವು. ಏಳು ವರ್ಷದಲ್ಲಿ ಮೊದಲ ಸಲ. ಮೇಷ್ಟ್ರು ನೋಟ್‌ಬುಕ್ ಮುಚ್ಚಿ ಎದೆಗೆ ಒತ್ತಿಕೊಂಡಿದ್ದರು. ಆದರೆ ಕಾಯಿ ಮೇಲಿನ ಕಾಲೇಜಿನವರ ಕೈಯಲ್ಲಿತ್ತು. ಅವರು ಒಮ್ಮೆ ನಮ್ಮ ಗೆರೆ ದಾಟಿದರೆ ಆರು ಅಂಕ, ಅಲ್ಲಿಗೆ ಮುಗಿಯಿತು. ಅವರಿಗೆ ಉಳಿದಿದ್ದು ನಾಲ್ಕು ಸರದಿ.

ಮೊದಲ ಸರದಿ. ಸೀಟಿ ಆಯಿತು. ಎಂದಿನಂತೆ ಇಬ್ಬರು ನನ್ನ ಎದೆಗೆ ಎದೆ ಕೊಟ್ಟು ನಿಲ್ಲಿಸಿದರು. ಅವರ ಭುಜಗಳ ಸಂದಿಯಲ್ಲಿ ಪರಶಿವ ಕಂಡ, ಎಡಕ್ಕೆ ಸರಿಯುತ್ತಿದ್ದ, ಕೈ ಮೇಲೆತ್ತುತ್ತಿದ್ದ. ನನ್ನ ಗಂಟಲು ನನಗಿಂತ ಮೊದಲೇ ತೀರ್ಮಾನ ಮಾಡಿ ಕೂಗಿಬಿಟ್ಟಿತು.

"ಪರಶಿವಣ್ಣ, ಬಸ್ಸಾರು ಯಾರದು ಚೆನ್ನಾಗಿರುತ್ತೆ, ಅವ್ವಂದೋ ಅತ್ತಿಗೇದೋ?"

ಅವನು ನೆಟ್ಟುಹೋದ. ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ನಮ್ಮ ಎಡ ಅಂಚಿನವನು ಹೋಗಿ ಆರಾಮವಾಗಿ ಅವನ ಸೊಂಟ ಹಿಡಿದ, ದೇವರ ಮೂರ್ತಿ ತಬ್ಬಿದ ಹಾಗೆ.

ನಮ್ಮ ಕಾಲೇಜಿನ ಹುಡುಗರೇ ಕೇಕೆ ಹಾಕಲಿಲ್ಲ. ಯಾರೋ ಮುದುಕರು ಎದ್ದು ನಿಂತು ನನ್ನ ಕಡೆ ನೋಡಿ, ನೆಲಕ್ಕೆ ಉಗಿದು ಕುಳಿತರು. ಅವರ ಕಾಲೇಜಿನವರು ಇಮಾಂ ಸಾಹೇಬರನ್ನು ಸುತ್ತುವರಿದರು. ಸಾಹೇಬರು ಜೇಬಿನಿಂದ ನಿಯಮದ ಪುಸ್ತಕ ತೆಗೆದು, ಮೊದಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಆಮೇಲೆ ಪುಟ ತಿರುವಿದರು. ಕೊನೆಯ ಪುಟದವರೆಗೂ ಓದಿ, "ಇದರಲ್ಲಿ ಇಲ್ಲ," ಎಂದರು. ಎದ್ದು ಧೂಳು ಕೊಡವಿಕೊಂಡು ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ, "ನಿನ್ನಪ್ಪ ಒಳ್ಳೆ ಮನುಷ್ಯ ಆಗಿದ್ದ," ಎಂದರು.

ಪರಶಿವ ನಿಂತಲ್ಲಿಗೇ ಆಟ ಬರಬೇಕಾಯಿತು. ಎರಡನೇ ಸರದಿಯಲ್ಲಿ ಮತ್ತೆ ಹಿಡಿದೆವು. ಮೂರನೆಯದರಲ್ಲಿ ಅವರು ಅವನ ಸುತ್ತ ಕೋಟೆ ಕಟ್ಟಿದರು. ಅವನು ನಿಂತಲ್ಲಿಂದಲೇ ಎಸೆದ. ಆದರೆ ಎಸೆಯುವ ಬಲ ತೋಳಿನಲ್ಲಲ್ಲ, ಮುಂದಿಡುವ ಹೆಜ್ಜೆಯಲ್ಲಿರುತ್ತದೆ. ಕಾಯಿ ಎಂಟು ಮಾರು ಹೋಗಿ ಬಸವಳಿದು ಬಿತ್ತು.

ಒಂದೇ ಸರದಿ ಉಳಿಯಿತು. ಅವರ ತರಬೇತುದಾರರು ಎರಡು ನಿಮಿಷದ ವಿರಾಮ ತೆಗೆದುಕೊಂಡರು. ಪರಶಿವ ನೆಲ ನೋಡುತ್ತ ನಿಂತಿದ್ದ. ನಾಲ್ಕು ಸಾವಿರ ಜನ ಅವನ ಎರಡು ಬೂಟುಗಳನ್ನು ನೋಡುತ್ತಿದ್ದರು.

ಆಗ ಚಂದ್ರಕಲಾ ಎದ್ದು ನಿಂತಳು. "ಅತ್ತೇದೇ ಚೆನ್ನಾಗಿರೋದು ಅಂತ ಹೇಳ್ಬಿಡ್ರಿ. ನಂಗೇನೂ ಬೇಜಾರಿಲ್ಲ," ಎಂದಳು. ಮೊದಲ ಸಲ ಅವಳ ದನಿ ಅಷ್ಟು ದೂರ ಕೇಳಿಸಿದ್ದು.

ಪರಶಿವ ತಲೆ ಎತ್ತಿ, "ಅವ್ವಂದು," ಎಂದ.

ಕಾಲೆತ್ತಲು ನೋಡಿದ. ಬರಲಿಲ್ಲ.

ಜನರಿಂದ ಒಂದು ಉದ್ದ ಉಸಿರು ಹೊರಟಿತು. ಚಂದ್ರಕಲಾ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದಳು. ಅವಳು ನಕ್ಕಳೆಂದು ಹಲವರು ಇವತ್ತಿಗೂ ಆಣೆ ಮಾಡುತ್ತಾರೆ. ಶಿವನಂಜಮ್ಮ ನಿಧಾನವಾಗಿ ಎದ್ದರು. ಮುಖ ಗಟ್ಟಿಯಾಗಿತ್ತು, ದನಿ ಗಟ್ಟಿಯಾಗಿರಲಿಲ್ಲ.

"ಸರಿ ಕಣಪ್ಪ. ಅವಳ್ದೇ ಅನ್ನು. ಹಿಂಗೆ ಬಿಸಿಲಲ್ಲಿ ನಿಂತ್ಕೋಬೇಡ."

"ಚಂದ್ರಕಲಂದು," ಎಂದ ಪರಶಿವ.

ಬೂಟು ಅಲುಗಲಿಲ್ಲ.

ಈಗ ಮೈದಾನದಲ್ಲಿ ಬೇರೆ ಥರದ ಗುಸುಗುಸು ಎದ್ದಿತು. ಅವ್ವನದಲ್ಲ, ಹೆಂಡತಿಯದಲ್ಲ ಎಂದ ಮೇಲೆ ಮೂರನೆಯವಳೊಬ್ಬಳು ಎಲ್ಲೋ ಬಸ್ಸಾರು ಮಾಡಿ ಬಡಿಸುತ್ತಿದ್ದಾಳೆ ಎಂದೇ ಅರ್ಥ. ಜನ ಒಬ್ಬರ ಕಿವಿಗೊಬ್ಬರು ಬಾಗಿ ಬೀದಿಯ ಹೆಸರುಗಳನ್ನು ಹೇಳತೊಡಗಿದರು. ನಾನು ಮಾಡಿದ್ದು ಆಟವಾಗಿ ಉಳಿದಿರಲಿಲ್ಲ. ಚಂದ್ರಕಲಾ ತಲೆ ಎತ್ತಿದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಆ ಹೆಂಗಸು, ಬೀದಿಯಲ್ಲಿ ಯಾರನ್ನೂ ಏನೂ ಕೇಳದವಳು, ಇಡೀ ಊರಿನ ಎದುರಿಗೆ ಗಂಡನನ್ನು ಕೇಳಿದಳು.

"ಹಂಗಾದ್ರೆ ಇನ್ಯಾರ್ದು?"

ಪರಶಿವ ಕಣ್ಣು ಮುಚ್ಚಿಕೊಂಡ.

"ಯಾರ್ದೂ ಇಲ್ಲ," ಎಂದ. "ನಂಗೆ ಬಸ್ಸಾರೇ ಸೇರಲ್ಲ. ಹುಟ್ಟಿದಾಗ್ಲಿಂದ ಸೇರಲ್ಲ. ಆ ಕಟ್ಟಿನ ವಾಸನೆ ಬಂದ್ರೇ ಹೊಟ್ಟೆ ತೊಳೆಸುತ್ತೆ. ಅವ್ವ ಐದಕ್ಕೇ ಏಳ್ತಾಳೆ ಅಂತ ಉಣ್ತಿದ್ದೆ. ಆಮೇಲೆ ಇವಳೂ ಕಲಿತ್ಲು."

ಎರಡೂ ಪಾದ ಒಟ್ಟಿಗೇ ಬಿಟ್ಟುಕೊಂಡವು. ಅವನು ಹಿಂದಕ್ಕೆ ಜೋಲಿ ಹೊಡೆದು ಬೀಳುವುದರಲ್ಲಿದ್ದ, ಅವನ ಕಡೆಯವನೊಬ್ಬ ಹಿಡಿದುಕೊಂಡ. ಮುಂದಿನ ಸಾಲಿನಲ್ಲಿ ಅತ್ತೆ ಸೊಸೆಯ ಮುಖ ನೋಡಿದರು, ಸೊಸೆ ಅತ್ತೆಯ ಮುಖ ನೋಡಿದಳು. ಇಬ್ಬರೂ ಒಟ್ಟಿಗೆ, ಒಂದೇ ಗತ್ತಿನಲ್ಲಿ, ಕುಳಿತರು. ಎರಡು ತಿಂಗಳಲ್ಲಿ ಅವರು ಒಟ್ಟಾಗಿ ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಇಮಾಂ ಸಾಹೇಬರು ಸೀಟಿ ಊದಿದರು. ನಾಲ್ಕನೇ ಸರದಿ.

ಅವರ ಗೋಡೆ ಅವತ್ತು ಮೊದಲ ಸಲ ಗೋಡೆಯಾಗಿರಲಿಲ್ಲ. ನನ್ನೆದುರಿನ ಇಬ್ಬರೂ ಇನ್ನೂ ಬಾಯಿ ಬಿಟ್ಟುಕೊಂಡು ತಮ್ಮ ನಾಯಕನನ್ನೇ ನೋಡುತ್ತಿದ್ದರು. ಅವರ ನಡುವೆ ಒಂದು ಬಾಗಿಲಿನಷ್ಟು ಜಾಗವಿತ್ತು. ನಾನು ನುಗ್ಗಿದೆ. ಎರಡು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಮತ್ತು ಪರಶಿವನ ನಡುವೆ ಯಾರೂ ಇರಲಿಲ್ಲ. ಕೈ ನೋಡಲಿಲ್ಲ, ಸೊಂಟ ನೋಡಿದೆ. ಅವನು ಬಲಕ್ಕೆ ಸರಿದ, ನಾನೂ ಬಲಕ್ಕೆ ಸರಿದೆ. ಕೈ ಚಾಚಿದೆ. ಇನ್ನೊಂದು ಹೆಜ್ಜೆ ಇತ್ತು.

ಪರಶಿವ ನನ್ನ ಕಣ್ಣಲ್ಲಿ ಕಣ್ಣಿಟ್ಟು, ಮೆಲ್ಲಗೆ, ಆದರೆ ಮುಂದಿನ ಸಾಲಿಗೆ ಕೇಳುವಷ್ಟು ಸ್ಪಷ್ಟವಾಗಿ ಕೇಳಿದ.

"ಊಟಕ್ಕೆ ಬಂದಿದ್ಯಲ್ಲ ಮೈಲಾರಿ, ನಿಂಗೆ ಯಾರ ಬಸ್ಸಾರು ಇಷ್ಟ ಆಯ್ತು?"

ನನ್ನ ಪಾದ ಎರಡೂ ನೆಲದೊಳಗೆ ಬೇರು ಬಿಟ್ಟವು.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಒಂದೇ ಪದ. ಅರ್ಧ ಸೆಕೆಂಡಿನ ಕೆಲಸ. ಅದನ್ನು ಹೇಳಿದ್ದರೆ ಕಾಲು ಬಿಟ್ಟುಕೊಳ್ಳುತ್ತಿತ್ತು, ಅವನ ಸೊಂಟ ನನ್ನ ಕೈಯಲ್ಲಿರುತ್ತಿತ್ತು, ಏಳು ವರ್ಷದ ಸೋಲು ಮುಗಿಯುತ್ತಿತ್ತು. ಗೆರೆಯಾಚೆಯಿಂದ ತಿಪ್ಪೇಶಪ್ಪ ಮೇಷ್ಟ್ರು "ಹೇಳೋ, ಹೇಳ್ಬಿಡೋ" ಎಂದು ಕೂಗಿದ್ದು ಕೇಳಿಸಿತು. ಬಾಯಿ ಕೂಡ ತೆರೆದೆ. ಮುಂದಿನ ಸಾಲಿನಲ್ಲಿ ನನಗೆ ಒಂದೊಂದು ಸೌಟು ಬಡಿಸಿದ ಇಬ್ಬರು ಹೆಂಗಸರು, ಈಗ ತಾನೇ ಮನೆಯ ಗಂಡಸು ತಮ್ಮಿಬ್ಬರ ಅಡುಗೆಯನ್ನೂ ಬೀದಿಗೆ ಚೆಲ್ಲಿದ ಇಬ್ಬರು ಹೆಂಗಸರು, ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಬಾಯಿ ಮುಚ್ಚಿದೆ.

"ನೀನು ಹೇಳಲ್ಲ ಅಂತ ಗೊತ್ತಿತ್ತು," ಎಂದ ಪರಶಿವ. ನನ್ನ ಪಕ್ಕದಿಂದ ಒಂದು ಹೆಜ್ಜೆ ಮುಂದಿಟ್ಟು ಎಸೆದ. ಕಾಯಿ ಎಲ್ಲಿ ಬಿತ್ತೆಂದು ನೋಡಲು ನನಗೆ ತಿರುಗಲಾಗಲಿಲ್ಲ, ಆದರೆ ಮೇಲಿನ ಕಾಲೇಜಿನ ಕೇಕೆಯಿಂದ ತಿಳಿಯಿತು.

ಮುಂದಿನ ವರ್ಷ ನಿಯಮದ ಪುಸ್ತಕಕ್ಕೆ ಇಮಾಂ ಸಾಹೇಬರ ಕೈಬರಹದಲ್ಲಿ, ನೆಡಬಾರದು ಎಂದು ಒಂದು ಸಾಲು ಸೇರಿತು. ಕಲ್ಯಾಣ ಮಂಟಪದ ಮಾತು ಬಿದ್ದುಹೋಯಿತು. ಅಷ್ಟು ಜನ ಬಂದ ಆಟವನ್ನು ನಿಲ್ಲಿಸಲು ಮಂಡಳಿಗೇ ಮನಸ್ಸಾಗಲಿಲ್ಲ. ಮೇಷ್ಟ್ರು ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದರು. ನಾನು ನೆಟ್ಟಿದ್ದಕ್ಕೋ, ಕೊನೆಗೆ ಉತ್ತರ ಹೇಳದೆ ನಿಂತಿದ್ದಕ್ಕೋ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದೆಲ್ಲ ಆಮೇಲಿನದು. ಅವತ್ತು ಸಂಜೆ ಪಂದ್ಯ ಮುಗಿದು, ಜನ ಕರಗಿ, ಪರಶಿವನನ್ನು ಹೆಗಲ ಮೇಲೆ ಹೊತ್ತುಕೊಂಡು ಮೇಲಿನ ಕಾಲೇಜಿನವರು ಹೋದ ಮೇಲೂ ನಾನು ಮೈದಾನದ ನಡುವೆ ಒಬ್ಬನೇ ನಿಂತಿದ್ದೆ. ನನ್ನ ಜೊತೆಯವರು ಒಂದು ಬಾಟಲಿ ನೀರು ಕೈಗೆ ಕೊಟ್ಟು, ಉತ್ತರ ಬಂದಾಗ ಬಾ ಎಂದು ಹೇಳಿ ಹೋಗಿದ್ದರು.

ಬಿಸಿಲು ಇಳಿಯುತ್ತಿದ್ದಾಗ ಶಿವನಂಜಮ್ಮ ಮತ್ತು ಚಂದ್ರಕಲಾ ಮೈದಾನ ದಾಟಿ ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಒಂದು ಉತ್ತರ ಕೊಟ್ಟು ಮನೆಗೆ ಹೋಗಪ್ಪ," ಎಂದರು ಶಿವನಂಜಮ್ಮ. "ನಿಮ್ಮವ್ವ ಕಾಯ್ತಿರ್ತಾಳೆ."

"ಎರಡೂ ಒಂದಕ್ಕಿಂತ ಒಂದು ಚೆನ್ನಾಗಿತ್ತು ಅವ್ವ," ಎಂದೆ. ಕಾಲೆತ್ತಲು ನೋಡಿದೆ. ಅಲುಗಲಿಲ್ಲ. ಮೂವರೂ ನನ್ನ ಬೂಟನ್ನು ನೋಡಿದೆವು.

ಶಿವನಂಜಮ್ಮ ಸೊಸೆಯ ಕಡೆ ತಿರುಗಿ, "ಪಾಪ, ಇವನ ಬಾಯಿ ಒಣಗಿದೆ. ಆ ನಲ್ಲಿಲಿ ಈ ಬಾಟ್ಲಿ ತುಂಬ್ಕೊಂಡು ಬಾ ಚಂದ್ರೀ," ಎಂದರು. ನಲ್ಲಿ ಮೈದಾನದ ಆ ತುದಿಯಲ್ಲಿತ್ತು. ಬಾಟಲಿ ಅರ್ಧ ತುಂಬಿಯೇ ಇತ್ತು. ಚಂದ್ರಕಲಾ ಅದನ್ನೊಮ್ಮೆ ನೋಡಿ ತೆಗೆದುಕೊಂಡು ಹೋದಳು.

ಅವಳು ಅರ್ಧ ದಾರಿ ಹೋಗುವವರೆಗೆ ಕಾದು ಶಿವನಂಜಮ್ಮ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದರು. "ಈಗ ಹೇಳು."

"ಅತ್ತಿಗೇದು," ಎಂದೆ.

ಪಾದ ಬಿಟ್ಟುಕೊಂಡಿತು. ಆದರೆ ಎತ್ತಲು ಮನಸ್ಸಾಗಲಿಲ್ಲ, ನಿಂತೇ ಇದ್ದೆ. ಶಿವನಂಜಮ್ಮ ಕಿವಿ ಹಿಂದಕ್ಕೆ ತೆಗೆದುಕೊಂಡರು.

"ಸುಟ್ಟು ಹಾಕ್ತಾಳಲ್ಲ, ಅದು," ಎಂದರು. "ನಂಗೂ ಮೊದಲ್ನೇ ದಿನವೇ ಗೊತ್ತಾಯ್ತು. ಎರಡು ಸಲ ಹಾಕಿಸ್ಕೊಂಡೆ, ಅವಳು ನೋಡ್ದಂಗೆ."

ಚಂದ್ರಕಲಾ ನೀರು ತಂದಳು. ನಾನು ಕುಡಿದು, ಆಗ ತಾನೇ ಬಿಡಿಸಿಕೊಂಡವನಂತೆ ಒಂದೊಂದೇ ಕಾಲು ಎತ್ತಿ ಕೊಡವಿದೆ.

"ಹೇಳ್ದ ಕಣಮ್ಮ," ಎಂದರು ಶಿವನಂಜಮ್ಮ, ಗಟ್ಟಿ ದನಿಯಲ್ಲಿ. "ನಂದೇ ಚೆನ್ನಾಗಿತ್ತಂತೆ."

ನಮ್ಮೂರಿನಲ್ಲಿ ಯಾರೂ ಕೇಳದೇ ಇದ್ದಾಗ ಸುಳ್ಳು ಹೇಳಲು ಯಾವ ಅಡ್ಡಿಯೂ ಇಲ್ಲ. ಚಂದ್ರಕಲಾ ನನ್ನ ಮುಖ ನೋಡಿದಳು, ಆಮೇಲೆ ಅತ್ತೆಯ ಮುಖ ನೋಡಿದಳು, ಆಮೇಲೆ ಕಣ್ಣು ಇಳಿಸಿ ಅತ್ತೆಯ ಪಾದಗಳನ್ನು ನೋಡಿದಳು. ಒಂದೇ ಒಂದು ಪ್ರಶ್ನೆ ಸಾಕಿತ್ತು. ಅವಳ ತುಟಿ ಸ್ವಲ್ಪ ಅಲುಗಿತು.

"ಇರ್ಬೇಕು ಅತ್ತೆ," ಎಂದಳು. "ಬನ್ನಿ. ಇವತ್ತು ನಿಮ್ ಮಗನೇ ಅಡುಗೆ ಮಾಡ್ಲಿ."

ಇಬ್ಬರೂ ಅವಸರವಿಲ್ಲದೆ, ಒಬ್ಬರ ಪಕ್ಕ ಒಬ್ಬರು, ಮೈದಾನ ದಾಟಿ ನಡೆದು ಹೋದರು.